ತೊಳೆದಿಟ್ಟ ಲೋಟ

ನಿನ್ನೆ ರಾತ್ರಿ ಒಂಬತ್ತೂವರೆಗೆ
ಅಡುಗೆಯ ಭಾಗೀರಥಿ ಲೋಟ ತೊಳೆದುಬಿಟ್ಟಳು.
ಸಾಹುಕಾರ ಕುರ್ಚಿಯಲ್ಲೇ ಕತ್ತು ವಾಲಿಸಿದ್ದ,
ಪೊಲೀಸ್ ಜೀಪು ಇನ್ನೂ ತಿರುವಿನಲ್ಲಿತ್ತು,
ತಳದಲ್ಲಿ ಒಂದು ಗುಟುಕು ಹಾಲು, ಇದ್ದದ್ದು ಅದೊಂದೇ ಸಾಕ್ಷಿ.
ತೊಳೆದಳು, ಬೋರಲು ಹಾಕಿದಳು,
ಸೆರಗಿಗೆ ಕೈ ಒರೆಸಿಕೊಂಡಳು.
ಮುಂದಿನ ಬುಧವಾರದವರೆಗೆ ಅಷ್ಟೇ.

ಬೆಳಿಗ್ಗೆ ಶಿಡ್ಲಘಟ್ಟದಲ್ಲಿ, ಪಾಷಾ ಸಾಹೇಬರ ಶೆಡ್ಡಿನಲ್ಲಿ
ಬಾಯ್ಲರಿಗೆ ಸೌದೆ ಬೀಳುವ ಮೊದಲೇ ವಿಚಾರಣೆ ಶುರು.
ನಾನು ನೂಲಿನ ತೂಕ ಬರೆಯುವವನು,
ಲೆಕ್ಕದ ಪುಸ್ತಕದ ಹಿಂದಿನ ಹಾಳೆ ಖಾಲಿಯಿತ್ತು.

ಅಂಜಿನಮ್ಮನಿಗೆ ಅನುಮಾನವೇ ಇಲ್ಲ:
"ದುಡ್ಡು ಕಣ್ರೇ. ಅವಳ ಕಿವಿ ನೋಡಿದ್ರಾ?
ಹೋದ ವಾರ ಬರೀ ಕಡ್ಡಿ. ಈ ವಾರ ಓಲೆ."
ಓಲೆ ಅಡವಿಟ್ಟವರಿಗೆ ಊರವರ ಕಿವಿಯೆಲ್ಲ ಕಾಣುತ್ತೆ,
ಯಾರೋ ಅಂದರು. ಯಾರೂ ನಗಲಿಲ್ಲ.

ಬಾಯ್ಲರಿನ ಗಂಗುಲಪ್ಪ ಸೌದೆ ಹಿಡಿದು ನಿಂತೇ ಇದ್ದ:
"ಕಿರೀ ಮಗನ್ನ ಹೆತ್ತೋಳು ಅವಳೇ.
ನೂರಾ ಹನ್ನೆರಡು ಕಂತು ನೋಡಿದೀನಿ,
ಆ ಹುಡುಗನಿಗೊಬ್ಬನಿಗೇ
ಕೇಳದೆ ಎರಡನೇ ಸಲ ಸಾರು ಬಡಿಸ್ತಾಳೆ."

ರಜಿಯಾಗೆ ಹದಿನೆಂಟು, ಅವಳ ಲೆಕ್ಕ ಬೇರೆ.
ಭಾಗೀರಥಿಯರು ಇಬ್ಬರು!
ಮೂಗುಬೊಟ್ಟು ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ.
"ಅದು ಕನ್ನಡಿಯೊಳಗೆ ತೋರಿಸಿದ್ದು ಕಣೇ"
ಅಂದ ಪಾಪಲಮ್ಮನನ್ನು
ಮಧ್ಯಾಹ್ನದವರೆಗೂ ಅವಳು ಮಾತಾಡಿಸಲಿಲ್ಲ.

ಗೂಡು ಬೆಂದವು. ಹುಳುವಿನ ವಾಸನೆ ಎದ್ದಿತು.
ಎಳೆ ಸಿಕ್ಕಿತು ಅನ್ನುವುದು ಇಲ್ಲಿ ಗಾದೆಯಲ್ಲ, ದಿನಗೂಲಿ.

ಖುತೇಜಾ ಬೀ ಈವರೆಗೆ ತುಟಿ ಬಿಚ್ಚಿರಲಿಲ್ಲ.
ಮೂವತ್ತು ವರ್ಷ ಬಿಸಿನೀರಲ್ಲಿ ಅದ್ದಿದ ಬೆರಳು,
ರೇಷನ್ ಅಂಗಡಿಯ ಮಿಷನ್ನು
ಈಕೆ ಈಕೆಯೇ ಎಂದು ಒಪ್ಪುವುದಿಲ್ಲ.
ಮನೆಯಲ್ಲಿ ಟೀವಿಯಿಲ್ಲ. ಕಥೆ ಎಲ್ಲ ನಮ್ಮ ಬಾಯಿಂದಲೇ.
ಕೇಳಿದಳು: "ಲೋಟ ಎಂಜಲಾಗಿತ್ತಾ?"
ಹೂಂ.
"ಮತ್ತೆ? ಎಂಜಲು ಲೋಟ ಕಂಡ್ರೆ ತೊಳೀದೆ
ಇನ್ನೇನು ಮಾಡ್ತಾಳೆ?"

ಶೆಡ್ಡೆಲ್ಲ ಒಟ್ಟಿಗೆ ಮೇಲೆ ಬಿತ್ತು.
ಕಾರಣವಿಲ್ಲದೆ ಯಾರಾದರೂ, ಅದೂ ಹೆಣದ ಎದುರು!
ಹಾಗಾದರೆ ಇಷ್ಟು ವಾರ ನೋಡಿದ್ದೇಕೆ?
ಗಂಗುಲಪ್ಪ ಬೆಂಕಿ ಮರೆತ, ನೀರು ತಣಿಯಿತು.

ಅವಳು ತುಂಡಾದ ಎಳೆಯನ್ನು ಹುಡುಕುತ್ತಲೇ ಹೇಳಿದಳು,
ಗಂಡ ಹೋದ ಬೆಳಗ್ಗೆ ತಾನು ದೇಗ್ಚಿ ಉಜ್ಜುತ್ತಿದ್ದೆ,
ಸುದ್ದಿ ತಂದವನು ಬಾಗಿಲಲ್ಲಿ ನಿಂತೇ ಇದ್ದ,
ಪೂರ್ತಿ ಉಜ್ಜಿ, ಬೂದಿ ತೊಳೆದು, ಆಮೇಲೆ ಎದ್ದೆ.
"ಬೀದಿಯೋರು ಎಷ್ಟು ಕಾರಣ ಕಟ್ಟಿದ್ರು ಗೊತ್ತಾ?
ಒಂದೆರಡು ಚೆನ್ನಾಗೇ ಇದ್ವು."

ಪುಸ್ತಕದಲ್ಲಿ ಐದನೆಯದು ಎಂದು ಬರೆದೆ,
ಮುಂದೆ ಏನು ಬರೆಯಲೂ ತೋಚಲಿಲ್ಲ.

ಬುಧವಾರ ಬಂತು. ಟೀವಿ ತಾನೇ ಹೇಳಿತು:
ಸೇಡಂತೆ. ಇಪ್ಪತ್ತು ವರ್ಷದ ಹಿಂದಿನ ಹೊಲವಂತೆ,
ಕಪ್ಪುಬಿಳುಪಿನಲ್ಲಿ ಸಾಹುಕಾರನ ಚಾವಟಿ,
ಭಾಗೀರಥಿಯ ಅಪ್ಪ, ಕಣ್ಣೀರು, ಗುಡುಗು.
ಮಾರನೇ ದಿನ ಶೆಡ್ಡಿನಲ್ಲಿ ಒಬ್ಬರೂ ಒಪ್ಪಲಿಲ್ಲ.
"ಬರೆದೋನಿಗೆ ಅವಳು ಗೊತ್ತೇ ಇಲ್ಲ"
ಗಂಗುಲಪ್ಪ ಸೌದೆಯನ್ನು ಸ್ವಲ್ಪ ಜೋರಾಗೇ ಎಸೆದ.
ಅಂಜಿನಮ್ಮ ಓಲೆಯನ್ನು ಬಿಟ್ಟುಕೊಡಲಿಲ್ಲ.
ರಜಿಯಾಗೆ ಇಬ್ಬರ ಮೇಲೆ ಈಗ ಮೂರನೆಯವಳ ಗುಮಾನಿ.

ಆದರೂ ಹೊಸದೊಂದು ಉಳಿದಿತ್ತು ನೋಡಿ,
ಕೊನೆಯ ದೃಶ್ಯದಲ್ಲಿ ಮಹಡಿಯ ಮೆಟ್ಟಿಲ ಮೇಲೆ
ಯಾರದೋ ಒಂಟಿ ಚಪ್ಪಲಿ.
ಓಡಿಹೋದವನದು, ಇಲ್ಲ, ಬೇಕಂತಲೇ ಬಿಟ್ಟಿದ್ದು,
ಇಲ್ಲ, ನಾಯಿ ತಂದದ್ದು.
ಜಗಳ ಬಾಯ್ಲರಿಗಿಂತ ಮೇಲೆ ಹೋಯಿತು.

ಬೇಸಿನ್ನಿನ ಆವಿಯಾಚೆಯಿಂದ ಖುತೇಜಾ ಬೀ
ಕೈ ನಿಲ್ಲಿಸದೆ, ತಲೆ ಎತ್ತದೆ,
ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ ಕೇಳಿದಳು:
"ಎಡಗಾಲಿನದಾ?"