ಮೂರನೆಯ ಸೀಸೆ

ಎಷ್ಟು ಸೋಪು ಹಾಕಿ ಉಜ್ಜಿದರೂ ಬಿಡದು.
ಬಂಗಾರಪೇಟೆಯ ಬೆಕ್ಕುಗಳಿಗೆಲ್ಲ ಗೊತ್ತಾಗಿಹೋಗಿದೆ
ಸಂಜೆ ನಾನು ಯಾವ ಬಸ್ಸಿಗೆ ಇಳಿಯುತ್ತೇನೆಂದು.
ಮನೆ ಓನರಮ್ಮ ಎರಡು ಸಲ ಕೇಳಿಯಾಯಿತು,
“ನೀವು ವೆಜ್ಜು ಅಂದಿದ್ರಲ್ಲ?”

ನಾನು ವೆಜ್ಜೇ. ವಾಸನೆ ಮಾತ್ರ
ದಕ್ಷಿಣ ಧ್ರುವದ ಒಂದು ಹಕ್ಕಿಯದು.

ಪಾರಿವಾಳದ ಗಾತ್ರ, ಪೂರಾ ಬಿಳಿ,
ಕಣ್ಣು, ಕೊಕ್ಕು ಮಾತ್ರ ಇದ್ದಿಲು.
ಹಿಮ ಪೆಟ್ರೆಲ್ ಎಂದು ಹೆಸರು.
ಗೂಡಿನ ಹತ್ತಿರ ಯಾರೇ ಬರಲಿ, ಉಗಿಯುತ್ತದೆ
ಹೊಟ್ಟೆಯ ಎಣ್ಣೆ, ಕೇಸರಿ ಬಣ್ಣ, ಬಿಸಿಬಿಸಿ.
ಉಗಿದದ್ದು ಕಲ್ಲಿಗೆ ಹತ್ತಿ, ಮೇಣದಂತೆ ಗಟ್ಟಿಯಾಗಿ,
ಅದರ ಮೇಲೆ ಮಗಳು ಉಗಿದು, ಮೊಮ್ಮಗಳು ಉಗಿದು
ಹೆಬ್ಬೆರಳಗಲ ಏರಲು ಸಾವಿರ ವರ್ಷ.
ಅಂಥದೊಂದು ಗೇಣು ಗಸಿ
ಗೋವಾದಿಂದ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಬಂದು
ಕೋಲಾರದ ಬೆಟ್ಟದಡಿ, ನಮ್ಮ ಲ್ಯಾಬಿನ ಫ್ರೀಜರಿನಲ್ಲಿ
ಯಾರದೋ ಹಾಲಿನ ಪ್ಯಾಕೆಟ್ಟಿನ ಪಕ್ಕ ಮಲಗಿದೆ.

ನನ್ನ ಕೆಲಸ ಕೆರೆಯುವುದು.
ಪದರ ಪದರ, ಸೀಸೆಗೆ ಚಿಟಿಕೆ ಚಿಟಿಕೆ.
ಕಡಲು ಹೆಪ್ಪುಗಟ್ಟಿದ್ದಾಗ ಅವು ತಿಂದದ್ದು ಬೇರೆ,
ಮಂಜು ಬಿರಿದು ನೀರು ತೆರೆದಾಗ ತಿಂದದ್ದು ಬೇರೆ;
ಯಂತ್ರ ಅದನ್ನು ಗುಡ್ಡಸಾಲಿನಂತೆ ಬರೆದು ತೋರಿಸುತ್ತದೆ,
ಕರೆಂಟು ಇದ್ದರೆ.
ಪ್ರೊಫೆಸರ್ ಖಮರುನ್ನೀಸಾ ಹೇಳುತ್ತಾರೆ:
“ಎಂಜಲೆಲೆ ನೋಡಿ ಬೀಗರ ಅಂತಸ್ತು ಹೇಳಿದ ಹಾಗೆ.”

ಗೂಡು ಮಾತ್ರ ಸಮುದ್ರದ ಹತ್ತಿರವಲ್ಲ.
ಒಳನಾಡಿನ ಒಣ ಬಂಡೆ; ಹುಲ್ಲಿಲ್ಲ, ಹನಿ ನೀರಿಲ್ಲ.
ಅಲ್ಲಿಂದ ಕಡಲಿಗೆ, ಇಲ್ಲಿಂದ ಮದ್ರಾಸಿನಷ್ಟು.
ಹೋಗಿ, ಹೊಟ್ಟೆ ತುಂಬಿಕೊಂಡು, ತಿರುಗಿ ಬರಬೇಕು.
ಯಾಕೆ ಅಷ್ಟು ದೂರ ಎಂದು ಬರೆದವರು
ಒಬ್ಬರನ್ನೊಬ್ಬರು ಒಪ್ಪುವುದಿಲ್ಲ.

ಕನ್ನಿಯಮ್ಮ ಬುಧವಾರ ಮದ್ರಾಸು ರೈಲಿನಿಂದ ಇಳಿಯುತ್ತಾಳೆ,
ತಲೆ ಮೇಲೆ ಒಣಮೀನಿನ ಕುಕ್ಕೆ, ಸೊಂಟಕ್ಕೆ ಇನ್ನೊಂದು.
ಪಾನಿಪೂರಿ ಗಾಡಿ ದಾಟಿ, ಮೇಲ್ಸೇತುವೆಯ ಮೆಟ್ಟಿಲ ಕೆಳಗೆ
ಗೋಣಿ ಹಾಸುತ್ತಾಳೆ.
ಆವತ್ತು ಅವಳ ಬೆಕ್ಕುಗಳು ಎದ್ದು ನನ್ನ ಹಿಂದೆ ಬಂದವು.
ಅವಳು ಮೂಗೆತ್ತಿದಳು:
“ಏನಮ್ಮಾ, ನಂಗೆ ಪೋಟಿಗೆ ಬಂದೆಯಾ?”

ಚೀಲದಲ್ಲಿ ಮೂರು ಸೀಸೆ. ಇರಬಾರದಿತ್ತು.
ಲ್ಯಾಬಿನಲ್ಲಿ ಕರೆಂಟು ಹೋಗಿ, ಯುಪಿಎಸ್ ಸತ್ತು,
ಇನಾಯತಣ್ಣನ ಐಸ್‌ಕ್ಯಾಂಡಿ ಫ್ಯಾಕ್ಟರಿಯಲ್ಲಿ
ಒಂದು ರಾತ್ರಿಯ ಜಾಗಕ್ಕೆಂದು ಹೊರಟಿದ್ದೆ.
ಮುಚ್ಚಳ ತೆರೆದೆ. ಯಾಕೆ ತೆರೆದೆನೋ.

ಮೊದಲನೆಯದಕ್ಕೆ ಕಣ್ಣು ಮುಚ್ಚಿದಳು.
“ಸಣ್ ಸೀಗಡಿ. ತಲೆ ತೆಗೀದೆ ಒಣಗ್ಸವ್ರೆ.”
ಎರಡನೆಯದು: “ಇದು ಮೀನು. ಕೊಬ್ಬೈತೆ. ಎಷ್ಟು ದಿನದ್ದು?”
ನಾಲ್ಕು ಸಾವಿರ ವರ್ಷದ್ದು ಅನ್ನಲಿಲ್ಲ. “ಹಳೇದು” ಅಂದೆ.
“ಗೊತ್ತಾಯ್ತದೆ. ಮಾರಬ್ಯಾಡ, ಜನ ಉಗೀತಾರೆ.”

ಮೂರನೆಯದನ್ನು ಎರಡು ಸಲ ಮೂಸಿದಳು.
“ಇದರಾಗೆ ಏನೂ ಇಲ್ಲ. ಕಲ್ಲು.
ಬೋರು ಕೊರೀವಾಗ ಏಳೋ ಧೂಳು ಐತಲ್ಲ, ಅದು.”

ಆ ಪದರ ನಮಗೂ ತಲೆನೋವು.
ಎಣ್ಣೆಯ ನಡುವೆ ನೂಲಿನಷ್ಟು ಬೂದು ಗೆರೆ,
ಅಲ್ಲಿಗೆ ಬಂದರೆ ಯಂತ್ರದ ಗುಡ್ಡವೆಲ್ಲ ಬಯಲು.
ಸೀಸೆ ತೊಳೆದದ್ದು ಸರಿಯಿಲ್ಲವೆಂದು ನನಗೆ ಬೈಗುಳ;
ಮೂರು ಸಲ ಹೊಸದಾಗಿ ಕೆರೆದಿದ್ದೆ.
ಯಾರೂ ಬಾರದ ವರ್ಷಗಳಿರಬಹುದು ಎಂದು
ಆ ಮೆಟ್ಟಿಲ ಕೆಳಗೆ ಹೊಳೆಯಿತು:
ಮಂಜು ಬೆಳೆದು ಬೆಳೆದು, ನೀರು ದೂರ ಸರಿದು,
ಹೋದ ಹಕ್ಕಿ ಹೋದಲ್ಲೇ ಉಳಿದು,
ಖಾಲಿ ಗೂಡಿಗೆ ಗಾಳಿ ತನ್ನ ಪುಡಿ ಉಗಿದ ವರ್ಷಗಳು.

ಕನ್ನಿಯಮ್ಮ ಆಗಲೇ ಬೇರೆ ಮಾತಿಗೆ ಹೋಗಿದ್ದಳು.
“ಕೊರೋನಾದಾಗ ರೈಲು ನಿಂತಿತ್ತಲ್ಲ,
ತಿರುಗಿ ಬಂದ್ರೆ ಈ ಜಾಗದಾಗೆ ಒಬ್ಬ
ಮೊಬೈಲ್ ಕವರು ಮಾರ್ತಾವ್ನೆ. ಬಿಟ್ಟೇನಾ?”
ಬೆಕ್ಕಿಗೊಂದು ಬಾಲ ಎಸೆದಳು.

ಇನಾಯತಣ್ಣ ಕೇಸರಿ ಕ್ಯಾಂಡಿಯ ಅಚ್ಚುಗಳ ಪಕ್ಕ ಜಾಗ ಮಾಡಿ
“ಹುಡುಗರು ನೆಕ್ಕದ ಹಾಗೆ ಏನಾದ್ರೂ ಬರಿ” ಅಂದ.
ಚೀಟಿ ಹರಿದು ಬರೆದು ಅಂಟಿಸಿದೆ:
ಒಂದು, ಸೀಗಡಿ. ಎರಡು, ಮೀನು. ಮೂರು, ಕಲ್ಲು.
ಪರೀಕ್ಷಿಸಿದವರು: ಕನ್ನಿಯಮ್ಮ. ಬುಧವಾರ, ಸಂಜೆ ಆರೂವರೆ.