ಓರೆಯಿಂದ

ಟೋಪಿ ಇತ್ತೇ ಎಂದು ಕೇಳಿದೆ.
ಇತ್ತು. ನೀಲಿ. ಅಲ್ಲ, ಬೂದು, ಉಣ್ಣೆಯದು.
ಕೂದಲು? ಟೋಪಿಯೊಳಗೆ.
ಮತ್ತೆ ಕಂದು ಅಂತ ಬರೆಸಿದ್ದೀಯಲ್ಲ?
ಆಕೆ ಕೈಗವಸು ಬಿಚ್ಚಿ, ಮತ್ತೆ ತೊಟ್ಟಳು.
ಗೊತ್ತಿಲ್ಲ, ಕಂದು ಅನ್ನಿಸಿತು.

ಫ್ಲೀಟ್‌ವುಡ್ ಠಾಣೆ, ಮಂಗಳವಾರ.
ಕಿಟಕಿಯಾಚೆ ಕೊನೆಯ ನಿಲ್ದಾಣದಲ್ಲಿ ಟ್ರಾಮು ತಿರುಗುವ ಕಿರ್ರು,
ದೋಣಿ ಬರುವುದು ನಿಂತ ಧಕ್ಕೆಯ ಉಪ್ಪುಗಾಳಿ.
ಔಷಧಿ ಅಂಗಡಿಯ ಇಮೊಜೆನ್ ಪಿಲ್ಲಿಂಗ್, ಹತ್ತೊಂಬತ್ತು ವರ್ಷ,
ಕಳ್ಳ ಎದುರಿಗಿದ್ದದ್ದು ನಲವತ್ತು ಸೆಕೆಂಡು.
ಚಾಕು ಹೇಗಿತ್ತೆಂದು ಕೇಳಿದ್ದರೆ ಕಣ್ಣಿಗೆ ಕಟ್ಟುವಂತೆ ಹೇಳುತ್ತಿದ್ದಳು:
ಹಿಡಿಗೆ ಹಳದಿ ಟೇಪು, ತುದಿ ತುಸು ಮುರಿದದ್ದು.
ನಾವು ಕೇಳಿದ್ದು ಮುಖ.

ಯಂತ್ರ ಒಮ್ಮೆಗೆ ಹದಿನೆಂಟು ಮುಖ ತೋರಿಸುತ್ತದೆ.
ಯಾವುದೂ ಅವನಲ್ಲ, ಯಾವುದೂ ಯಾರೂ ಅಲ್ಲ.
ಆಕೆ ಎರಡನ್ನು ಆರಿಸುತ್ತಾಳೆ,
ಅವಕ್ಕೆ ಹದಿನೆಂಟು ಮಕ್ಕಳು ಹುಟ್ಟುತ್ತವೆ,
ಅವುಗಳಲ್ಲಿ ಮತ್ತೆರಡು.
ಮೂರನೆಯ ತಲೆಮಾರಿಗೆ ಇಮೊಜೆನ್ ಅಂದಳು:
ಹೌದು, ಆದರೆ ಇವನು ತುಂಬಾ ಒಳ್ಳೆಯವನ ಹಾಗಿದ್ದಾನೆ.
ಒಳ್ಳೆಯತನ ತಗ್ಗಿಸಲು ಒಂದು ಗುಂಡಿಯಿದೆ, ನಿಜವಾಗಿಯೂ.
ಎಡಕ್ಕೆ ಎಳೆದೆ. ಇನ್ನೂ ಸ್ವಲ್ಪ, ಅಂದಳು. ಇನ್ನೂ.
ಸಾಕು.

ಇಪ್ಪತ್ತೆರಡು ವರ್ಷ ಮುಖ ಕಟ್ಟಿ ನಾನು ಕಲಿತದ್ದು ಇಷ್ಟು.
ಗೊತ್ತಿಲ್ಲದವರನ್ನು ನಾವು ಅಂಚಿನಿಂದ ನೋಡುತ್ತೇವೆ:
ಕೂದಲು, ಕಿವಿ, ಗದ್ದದ ಸುತ್ತು.
ಬಲ್ಲವರನ್ನು ನಡುವಿನಿಂದ:
ಹುಬ್ಬಿಗೂ ಕಣ್ಣಿಗೂ ಮಧ್ಯದ ಬಯಲು,
ಮಾತಿಗೆ ಮುಂಚೆ ತುಟಿಯ ಮೂಲೆ ನಡೆಸುವ ತಯಾರಿ.
ಹೆಂಡತಿ ಕೂದಲು ಕತ್ತರಿಸಿಕೊಂಡು ಬಂದರೆ
ಗುರುತು ಹತ್ತದ ಗಂಡನಿಲ್ಲ.
ಗಮನಿಸದವರಿದ್ದಾರೆ, ಅದು ಬೇರೆ ಮಾತು.
ಚಿತ್ರ ಹೇಳಿ ಬರೆಸುವವಳು ಅವನನ್ನರಿಯಳು,
ಗುರುತಿಸಬೇಕಾದವರು ತೊಟ್ಟಿಲಿನಿಂದ ಬಲ್ಲರು.
ಅವಳ ಹತ್ತಿರ ಇರುವುದು ಅಂಚು, ಇವರಿಗೆ ಬೇಕಾದದ್ದು ನಡು,
ನಾನು ದಲ್ಲಾಳಿ.

ಗುರುವಾರ ಪತ್ರಿಕೆಯಲ್ಲಿ ಬಂತು. ಹನ್ನೊಂದು ಕರೆ.
ಒಬ್ಬನಿಗೆ ಅದು ಬಾಡಿಗೆ ಕೊಡದ ಬಾಡಿಗೆದಾರ.
ಒಬ್ಬಳಿಗೆ ಬಿಟ್ಟುಹೋದ ಗಂಡ,
ಇದು ಅವಳ ನಾಲ್ಕನೆಯ ಕರೆ, ನಾಲ್ಕನೆಯ ಚಿತ್ರಕ್ಕೆ.
ನಮ್ಮ ಲೆಕ್ಕದ ಮೇಷ್ಟ್ರು, ಅಂದ ಒಬ್ಬ ಹುಡುಗ
ನಗು ತಡೆಯಲಾರದೆ ಫೋನಿಟ್ಟ.

ಥೆಲ್ಮಾ ರಿಗ್ಬಿ ಬೀದಿ ಮೂಲೆಯಲ್ಲಿ ಮೀನು ಕರಿಯುತ್ತಾಳೆ.
ಬೆಳಿಗ್ಗೆ ನೇರ ನೋಡಿದ್ದಳು,
ಯಾರೋ ಪಾಪಿ ಎಂದು ಪುಟ ತಿರುವಿದ್ದಳು.
ಸಂಜೆ ಕಟ್ಟೆಯ ಎಣ್ಣೆ ಒರೆಸಲು ಬಗ್ಗಿದಾಗ
ಪತ್ರಿಕೆ ಅಡ್ಡ ಬಿದ್ದಿತ್ತು, ಕನ್ನಡಕಕ್ಕೆ ಆವಿ ಹಿಡಿದಿತ್ತು.
ಓರೆಯಿಂದ ಮುಖ ಕಿರಿದಾಯಿತು.
ಸುಳ್ಳು ಕೂದಲು, ಸುಳ್ಳು ಗದ್ದ ಮಬ್ಬಿನಲ್ಲಿ ಕರಗಿ
ಉಳಿದದ್ದು ಅಕ್ಕನ ಹುಬ್ಬು.
ಅಕ್ಕ ಸತ್ತು ಆರು ವರ್ಷ.

ಫೋನು ಮಾಡಲಿಲ್ಲ, ಏಪ್ರನ್ನಿನಲ್ಲೇ ಬಂದಳು.
ನನ್ನ ಮೇಜಿನ ಮೇಲೆ ಪತ್ರಿಕೆ ಅಡ್ಡವಿಟ್ಟು
ಕುತ್ತಿಗೆ ಹಿಡಿದು ಬಗ್ಗಿಸಿದಳು: ಇಲ್ಲಿಂದ ನೋಡು.
ನೋಡಿದೆ. ಚುಕ್ಕೆ, ಮಸಿ, ಮೀನಿನ ವಾಸನೆ.
ನಾನು ಅವನನ್ನು ಕಟ್ಟಿದವನು, ಬಲ್ಲವನಲ್ಲ.
ಟ್ರಾಮಿನಲ್ಲಿ ಒಂದೇ ಬೂಟು ಮರೆತು
ಕುಂಟುತ್ತ ಮನೆಗೆ ಬಂದ ಏಳು ವರ್ಷದವನ ಕಥೆ
ಮೊದಲು ಹೇಳಿದಳು, ಪೂರ್ತಿ.
ಹೆಸರು ಆಮೇಲೆ.

ಅವನ ಫೋಟೋವನ್ನು ನನ್ನ ಚಿತ್ರದ ಪಕ್ಕ ಇಟ್ಟೆ.
ಹೋಲುವುದೇ ಇಲ್ಲ. ಕೂದಲು ಕೆಂಪು.
ವೀಡಿಯೊದ ಒಂಬತ್ತು ಮುಖಗಳಲ್ಲಿ ಇಮೊಜೆನ್
ಅವನನ್ನು ದಾಟಿ ಹೋಗಿ
ಆರನೆಯವನನ್ನು, ಯಾವ ತಪ್ಪೂ ಮಾಡದ ಒಬ್ಬನನ್ನು
ಬೆರಳಿಟ್ಟು ತೋರಿಸಿದಳು, ಕಣ್ಣಲ್ಲಿ ನೀರು ತಂದುಕೊಂಡು.
ಅವನ ಅಡುಗೆಮನೆಯ ಡ್ರಾಯರಿನಲ್ಲಿ
ಹಳದಿ ಟೇಪಿನ ಚಾಕು ಸಿಕ್ಕಿತು.

ಶುಕ್ರವಾರಗಳಂದು ಈಗಲೂ ಅಲ್ಲೇ ಮೀನು ಕೊಳ್ಳುತ್ತೇನೆ.
ಥೆಲ್ಮಾ ವಿನೆಗರ್ ಜಾಸ್ತಿಯೇ ಹಾಕುತ್ತಾಳೆ, ನನಗಿಷ್ಟವೆಂದು ಗೊತ್ತು.
ಚಿಲ್ಲರೆ ಎಣಿಸಿ ಕೊಡುತ್ತಾಳೆ,
ಮುಖ ಕೊಟ್ಟು ಮಾತಾಡುವುದಿಲ್ಲ.