ಯಾವ ಕೈ

ಮೊದಲ ದಿನ ತಾರ್ಲೆಯನ್ನು ಇಕ್ಕಳದಲ್ಲಿ ಹಿಡಿದೆ.
ಚಂದ್ರಭಾಗಾ ಬುಟ್ಟಿ ಇಳಿಸಿ, ಸೆರಗು ಬಾಯಿಗೆ ಒತ್ತಿ ನಕ್ಕಳು:
‘ಅಕ್ಕೋರೆ, ಅದು ಸತ್ತದೆ. ಕಚ್ಚೂದಿಲ್ಲ.’
ನವಲಗುಂದದ ನಮ್ಮ ಮನೆಯಲ್ಲಿ ಮೊಟ್ಟೆಯ ಮಾತು ಬಂದರೂ
ಅವ್ವ ಎದ್ದು ಕಿಟಕಿ ತೆರೆಯುತ್ತಿದ್ದಳು.
ಎಡ ಅಂಗೈ ಲಿಂಗದ್ದು, ಬಲಗೈ ತುತ್ತಿನದು.
ಮೀನಿಗೆಂದು ಮೂರನೆಯದೊಂದು ಕೈ ಎಲ್ಲಿಂದ ತರಲಿ?

ತಿನ್ನುವವಳು ನಾನಲ್ಲ.
ಕೋಡಿಬಾಗದ ಈ ಬಾಡಿಗೆ ಮನೆಯ ಹಿಂದೆ
ಮಗುಚಿ ಹಾಕಿದ ದೋಣಿಯ ಕೆಳಗೆ
ಬರೀ ಎರಡು ಕಣ್ಣಾಗಿ ಕೂತಿತ್ತು ಅದು.
ಕಾಡಿನದಲ್ಲ, ಯಾರ ಮನೆಯದೂ ಅಲ್ಲ;
ಐಸ್ ಫ್ಯಾಕ್ಟರಿಯಲ್ಲಿ ಹುಟ್ಟಿ ಒದೆ ತಿಂದು ಬೆಳೆದದ್ದು
ಎಂದ ಪಕ್ಕದ ಮನೆಯ ಇನಾಸ್.
‘ಬಾ’ ಎಂದರೆ ಬೆನ್ನು ಕಮಾನು.
‘ಯೋ, ಯೋ’ ಎಂದು ಕೊಂಕಣಿಯಲ್ಲಿ ಕರೆದ ಸಂಜೆ
ಒಂದು ಕಿವಿ ಮಾತ್ರ ನನ್ನ ಕಡೆ ತಿರುಗಿತು.
ಇನ್ನೊಂದು, ಓಡುವ ದಾರಿ ಕಾಯುತ್ತಿತ್ತು.

ಎದುರು ಕೂರಬಾರದು. ಪಕ್ಕಕ್ಕೆ ತಿರುಗಿ ಕೂರಬೇಕು,
ಖಜಾನೆ ಕಚೇರಿಯಲ್ಲಿ ತಾಳೆಯಾಗದ ಲೆಕ್ಕವನ್ನು
ಮನಸ್ಸಲ್ಲೇ ಕೂಡುತ್ತ, ಕಳೆಯುತ್ತ,
ಬೆಕ್ಕು ಅನ್ನುವುದೇ ಲೋಕದಲ್ಲಿ ಇಲ್ಲವೆಂಬಂತೆ.
ತಟ್ಟೆಯನ್ನು ದಿನಕ್ಕೊಂದು ಗೇಣು ಹತ್ತಿರ ಎಳೆಯಬೇಕು.
ಒಂದು ದಿನ ಆಸೆಪಟ್ಟು ಎರಡು ಗೇಣು ಎಳೆದೆ.
ವಾರ ಕಾಣಲಿಲ್ಲ.

ಡಿಸೆಂಬರಿನಲ್ಲಿ ಕುತ್ತಿಗೆಯ ಬಳಿ ಗಾಯ. ಕೀವು.
ಮುಟ್ಟಲೇಬೇಕಾಗಿ ಬಂತು.
ಟವೆಲ್ ಸಾಲದು ಎಂದ ಇನಾಸ್, ಗೋಣಿ ಬೇಡ ಎಂದೆ ನಾನು.
ಕೊನೆಗೆ ಅವ್ವ ಹೊಲಿದ ಕೌದಿ:
ಅಪ್ಪನ ಧೋತರ, ನನ್ನ ಶಾಲೆಯ ಲಂಗ,
ತೀರಿಹೋದ ಅತ್ತೆಯ ಇಳಕಲ್ಲು ಸೀರೆ,
ಎಲ್ಲ ಒಟ್ಟಿಗೆ ಅದರ ಮೇಲೆ ಬಿದ್ದವು.
ಒಳಗೆ ಹೊಲಿಗೆ ಮಶೀನಿಗೆ ಹುಚ್ಚು ಹಿಡಿದಂತೆ.
ಮಣಿಕಟ್ಟಿನಿಂದ ಮೊಣಕೈವರೆಗೆ ಮೂರು ಗೆರೆ.
ದನದ ಆಸ್ಪತ್ರೆಯಲ್ಲಿ ಅದಕ್ಕೊಂದು ಸೂಜಿ,
ಸಿವಿಲ್ ಆಸ್ಪತ್ರೆಯಲ್ಲಿ ನನಗೆ ನಾಲ್ಕು ಸಲ.
ಹಾಜರಿ ಪುಸ್ತಕದಲ್ಲಿ ನನ್ನ ಸಹಿ ಆ ವಾರ
ಬೇರೆ ಯಾರದೋ ಹಾಗಿತ್ತು.

ಹತ್ತು ದಿನ ಬಚ್ಚಲು ಅದರದು.
ನಾನು ಹಿತ್ತಿಲಲ್ಲಿ ಮುಖ ತೊಳೆದೆ.
ರಾತ್ರಿ ಬಾಗಿಲ ಹೊರಗೆ ಕೂತು
ಪಿಂಚಣಿದಾರರ ಪಟ್ಟಿಯನ್ನು ಗಟ್ಟಿಯಾಗಿ ಓದಿದೆ,
ನನ್ನ ದನಿ ರೂಢಿಯಾಗಲೆಂದು:
ದೇವಪ್ಪ ಗುನಗಾ, ರೋಸಿ ಫರ್ನಾಂಡಿಸ್, ಹಮ್ಮಣ್ಣ ಪಡ್ತಿ...
ಒಳಗಿನಿಂದ ಉಸಿರೂ ಇಲ್ಲ.
ಓದು ನಿಲ್ಲಿಸಿದರೆ ಮಾತ್ರ
ಬಾಗಿಲಡಿಯ ಸಂದಿಯಲ್ಲಿ ಒಂದು ಪಂಜ.

ಈಗ ಕೌದಿ ಅದರದೇ.
ಇಳಕಲ್ಲಿನ ಚೌಕದ ಮೇಲೇ ಮಲಗಬೇಕು, ಧೋತರ ಆಗದು.
ಎತ್ತಿಕೊಳ್ಳಲು ಬಿಡುವುದಿಲ್ಲ.
ಹಣೆ ಮುಟ್ಟಬಹುದು, ಬೆನ್ನು ಅರ್ಧದವರೆಗೆ;
ಬಾಲದ ಬುಡ ಇನ್ನೂ ಐಸ್ ಫ್ಯಾಕ್ಟರಿಗೆ ಸೇರಿದ್ದು.
ಗಡಿ ದಾಟಿದರೆ ಹಲ್ಲು. ಒತ್ತುವುದಿಲ್ಲ, ಇಡುತ್ತದೆ ಅಷ್ಟೆ,
ರಸೀದಿಯ ಮೇಲೆ ಠಸ್ಸೆ ಇಟ್ಟ ಹಾಗೆ.

ನಿನ್ನೆ ಬೆಳಿಗ್ಗೆ ಅವ್ವನ ಫೋನು.
‘ಏನವಾ ಅದು, ಗುರ್ ಗುರ್ ಸಪ್ಪಳ?’
‘ಫ್ರಿಜ್ಜು’ ಎಂದೆ.
‘ಹೊಸಾದಾ? ಎಷ್ಟ ಕೊಟ್ಟಿ?’
ತೋಳಿನ ಮೂರು ಗೆರೆ ನೋಡುತ್ತ ತಡವರಿಸಿದೆ.
‘ಕೌದಿ ಹೊಚ್ಕೊಂತಿಯಿಲ್ಲೋ?’
‘ಭಾಳ ಬೆಚ್ಚಗೈತಿ, ಅವ್ವಾ.’

ಅಷ್ಟರಲ್ಲಿ ಹೊರಗೆ ಚಂದ್ರಭಾಗಾಳ ಕೂಗು.
ಬಟ್ಟಲು ಹಿಡಿದು ಓಡಿದೆ, ಇಕ್ಕಳ ಮರೆತು.
ಬೆರಳ ಸಂದಿನಲ್ಲಿ ಮೂರು ತಾರ್ಲೆ, ತಣ್ಣಗೆ.
ಬೆಳ್ಳಿ ಹುರುಪೆ ಅಂಟಿ ಒಣಗಿದ ಮೇಲಷ್ಟೇ ನೋಡಿಕೊಂಡೆ,
ಯಾವ ಕೈ ಎಂದು.